ಬಳೆಗಾರನ ಸ್ಪ್ಯಾನಿಷ್

ಸುಲೇಪೇಟದ ಬಳೆಗಾರ ಲಾಲ್ ಅಹ್ಮದ್ ಕಲಬುರಗಿ ದಾಟಿ ಹೋದವನಲ್ಲ, ಆದರೆ ಸ್ಪ್ಯಾನಿಷ್ ಬಲ್ಲ. ಅದೂ ‘ಚೆಂದ’ ಎಂಬ ಒಂದೇ ಅರ್ಥದ ನಾಲ್ಕು ಪದಗಳಷ್ಟು. ಮೊಬೈಲು ನೋಡಿ ಕಲಿತದ್ದನ್ನು ಗಿರಾಕಿಯ ಮುಂಗೈ ಹಿಡಿದೊಡನೆ ಉದುರಿಸುತ್ತಾನೆ: ಕಾಲೇಜು ಹುಡುಗಿಗೆ ‘ಗ್ವಾಪಾ’, ಮದುಮಗಳಿಗೆ ‘ಪ್ರೆಸಿಯೋಸಾ’, ಬೊಚ್ಚುಬಾಯಿಯ ಅಜ್ಜಿಗೆ ‘ಎರ್ಮೋಸಾ’, ವಯಸ್ಸು ಅಂದಾಜಾಗದವರಿಗೆ ‘ಬೋನಿತಾ’. ಕನ್ನಡದಲ್ಲಿ ಹೇಳಿದರೆ ಗಂಡಂದಿರು ಚಪ್ಪಲಿ ಹಿಡಿದು ಬರುತ್ತಾರೆಂಬ ತಿಳಿವಳಿಕೆಯನ್ನು ದೇವರು ಅವನಿಗೆ ಧಾರಾಳವಾಗಿ ಕೊಟ್ಟಿದ್ದಾನೆ. ಆದರೂ ಬಾಯಿ ತಡೆಯಲಾರದೆ ಅರ್ಥ ಕೇಳದವರಿಗೂ ಬಿಡಿಸಿ ಹೇಳಿ, ಉಚ್ಚಾರ ತಿದ್ದಿಯೇ ಕಳಿಸುತ್ತಾನೆ. “ಚಂದ ಅಂದ್ರ ಏನ್ ಬಂತು, ರೇಟ್ ಕಮ್ಮಿ ಮಾಡು” ಎಂದರೆ ಮಾತ್ರ ಅವನಿಗೆ ಕನ್ನಡವೂ ಮರೆತುಹೋಗುತ್ತದೆ. ಮೊನ್ನೆ ಅಂಗಡಿ ತೆರೆಯುತ್ತಲೇ, ಗಂಡ ತೀರಿದ ಶಿವಕಾಂತಮ್ಮ ಮೊಮ್ಮಗಳಿಗೆ ಬಳೆ ಕೊಳ್ಳಲು ಬಂದು, ಖಾಲಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು. ಇವನು ಅಭ್ಯಾಸಬಲದಿಂದ “ಬೋನಿತಾ!” ಎಂದ. ಆಕೆಗೆ ಕೇಳಿಸಿದ್ದು ‘ಬೋಣಿ ತಾ’. “ನನ್ನಂಥಾಕಿ ಕೈಲೆ ಬೋಣಿ ಬ್ಯಾಡೋ ತಮ್ಮಾ, ನಿನ್ನ ದಿನಾನೇ ಕೆಡ್ತದ. ಮುತ್ತೈದಿ ಯಾರರ ಬರ್ಲಿ, ಆಮ್ಯಾಲ ಕೊಡ್ತೀನಿ” ಎಂದು ಹಿಂದೆ ಸರಿದರು. ಊರಿಗೆಲ್ಲ ಅರ್ಥ ಹೇಳುವ ಪಂಡಿತ ಆ ಒಂದು ಸಲ ತಿದ್ದಲಿಲ್ಲ. ಅಂಗೈ ಚಾಚಿ, “ಹೌದ್ರಿ ಅಮ್ಮಾ, ಬೋಣಿನೇ ಕೇಳಾಕತ್ತೀನಿ. ನಿಮ್ಮ ಕೈಲೆನೇ ಆಗ್ಲಿ” ಎಂದ.