ಟೀಚರು ನೋಡದೆ ಬಂದ ಚಿಂಪಾಂಜಿ

ಮೂರು ವರ್ಷದ ಹಿಂದೆ ನಾನು ಪುತ್ತೂರಿನ ದರ್ಬೆಯಲ್ಲಿ ಶಾರದಾ ಟೀಚರ ಮನೆಯಲ್ಲಿ ಹೋಮ್ ನರ್ಸ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ನರ್ಸ್ ಎಂದರೆ ಸೂಜಿ ಚುಚ್ಚುವವಳಲ್ಲ. ಮನೆಯಲ್ಲೇ ಇದ್ದು ವಯಸ್ಸಾದವರ ಊಟ, ಸ್ನಾನ, ಮಾತ್ರೆ ನೋಡಿಕೊಳ್ಳುವವಳು. ನಾನು ಕಡಬದವಳು, ಕಲಿತದ್ದು ನಾಲ್ಕನೆಯ ಕ್ಲಾಸು, ಮೊಮ್ಮಕ್ಕಳಾದ ಮೇಲೆ ಹಿಡಿದ ಕೆಲಸ ಇದು. ಈ ಕೆಲಸದಲ್ಲಿ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಡಾಕ್ಟರು ಕೇಳುವುದು ರೋಗಿಯನ್ನು, ಉತ್ತರ ಕೊಡುವುದು ನಾವು.

ಟೀಚರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಮದುವೆಯಾಗಿಲ್ಲ. ಚಿಂಪಾಂಜಿಯನ್ನು ಅದರ ಕಾಡಿನಲ್ಲೇ ನೋಡಬೇಕೆಂಬುದು ಅವರ ಹಳೆಯ ಆಸೆ. ಮೊಣಕಾಲು ಪೂರ್ತಿ ಹೋಗುವ ಮೊದಲು ಎಂದು ಉಗಾಂಡದ ಟೂರಿಗೆ ಹೆಸರು ಕೊಟ್ಟರು. ಜೊತೆಗೆ ನಾನು.

"ಮಂಗ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಟೀಚರೇ? ಕಡಬಕ್ಕೆ ಬನ್ನಿ, ಬೇಕಾದಷ್ಟು ಉಂಟು."

"ಅದು ಮಂಗ ಅಲ್ಲ ಮಾರಾಯ್ತಿ, ಅದಕ್ಕೆ ಬಾಲ ಇಲ್ಲ. ನಿನಗೆ ಎಷ್ಟು ಸಲ ಹೇಳುದು?"

ಹೊರಡುವ ತನಕ ದಿನಾ ಸಂಜೆ ಕೋಲು ಹಿಡಿದು ದರ್ಬೆಯ ಏರಿನಲ್ಲಿ ನಡೆದು ಕಾಲು ಪಳಗಿಸಿದರು.

ಉಗಾಂಡದಲ್ಲಿ ಆ ಕಾಡಿನ ಬಾಗಿಲಲ್ಲಿ ಒಬ್ಬಳು ರೇಂಜರ್ ನಿಯಮ ಹೇಳಿದಳು. ಮಾಸ್ಕ್ ಹಾಕಬೇಕು, ಹತ್ತಿರ ಹೋಗಬಾರದು, ನೋಡಲಿಕ್ಕೆ ಒಂದೇ ಗಂಟೆ. ನಮ್ಮ ಶೀತ ಕೆಮ್ಮು ಚಿಂಪಾಂಜಿಗೆ ಅಂಟುತ್ತದೆ, ಅಂಟಿದರೆ ಸಾಯಲೂಬಹುದು. ಹಾಗಾಗಿ ಹುಷಾರಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. ಟೂರಿನ ಮ್ಯಾನೇಜರ್ ನವೀನ ಅದನ್ನು ಕನ್ನಡ ಮಾಡುತ್ತಿದ್ದ.

"ಟೀಚರೇ, ಶೀತ ಗೀತ ಎಂತದಾದ್ರು ಉಂಟಾ?"

ಟೀಚರು ಬಾಯಿ ತೆರೆಯುವ ಮೊದಲೇ ನಾನು ಹೇಳಿಯಾಗಿತ್ತು: "ಅವರದ್ದು ಶೀತದ ದೇಹ ಮಾರಾಯ. ಹಾಗೆ ಬೆಳಿಗ್ಗೆ ಬಾಳೆಹಣ್ಣು ಸಹ ಕೊಡ್ಲಿಲ್ಲ ನಾನು."

ನಮ್ಮಲ್ಲಿ ಶೀತದ ದೇಹ ಎಂದರೆ ತಂಪಿನ ಪದಾರ್ಥ ಆಗದವರು ಎಂದಷ್ಟೇ ಅರ್ಥ. ಮೂಗು ಸೋರಬೇಕೆಂದಿಲ್ಲ. ಪೇಟೆಯಲ್ಲಿ ಬೆಳೆದ ನವೀನನಿಗೆ ಅದು ಗೊತ್ತಿರಲಿಲ್ಲ. ಅವನು ರೇಂಜರಿಗೆ ಹೇಳಿದ್ದರಲ್ಲಿ 'ಕೋಲ್ಡ್' ಎಂಬ ಒಂದು ಶಬ್ದ ನನಗೂ ತಿಳಿಯಿತು.

ಟೀಚರು ಇಂಗ್ಲಿಷಿನಲ್ಲಿ ವಾದ ಮಾಡಿದರು. ಸ್ವರ ಏರಿತು, ಏರಿದ್ದಕ್ಕೆ ಕೆಮ್ಮು ಬಂತು. ಅಲ್ಲಿಗೆ ಮುಗಿಯಿತು. ರೇಂಜರ್ ಹೇಳಿದ್ದನ್ನು ನವೀನ ತಲೆ ತಗ್ಗಿಸಿ ನನಗೆ ತಿಳಿಸಿದ: "ನೀವು ಹೇಳುದು ನಿಜ ಇರ್ಬಹುದು, ಆದ್ರೆ ತಪ್ಪಿದ್ರೆ ಸಾಯುದು ಅವು, ಅಂತ ಹೇಳ್ತಾರೆ." ಮರುದಿನ ನಮ್ಮ ಬಸ್ಸು ಬೇರೆ ಊರಿಗೆ ಹೋಗುವುದಿತ್ತು.

"ನಾನೂ ಹೋಗುದಿಲ್ಲ" ಎಂದೆ.

"ನಿನಗೆ ಶೀತ ಇಲ್ಲವಲ್ಲ. ಹೋಗು. ಸರಿ ನೋಡಿ ಬಂದು ನನಗೆ ಹೇಳು."

ಹೋದೆ. ಕೆಸರು, ಕಾಲಿಗೆ ತೊಡರುವ ಬೇರು. ಒಂದು ಕಡೆಯಿಂದ ಕೂಗು ಎದ್ದರೆ ಇನ್ನೊಂದು ಕಡೆಯಿಂದ ಉತ್ತರ ಬರುತ್ತಿತ್ತು. ಒಂದು ಚಿಂಪಾಂಜಿ ಮರದ ಬೇರಿಗೆ ಡೋಲು ಬಡಿದ ಹಾಗೆ ಬಡಿಯಿತು. ಗಲ್ಲ ನರೆತ ಒಂದು ಮುದುಕಿ ಕೆಳಗಿಳಿದು ಕೂತು ಹಣ್ಣು ಜಗಿಯಿತು. ಪಕ್ಕದಲ್ಲಿ ಮರಿ. ನಾನು ಬಿದ್ದು ಸೊಂಟ ಮುರಿದುಕೊಂಡರೆ ಟೀಚರನ್ನು ನೋಡಿಕೊಳ್ಳುವವರು ಯಾರು ಎಂದು ಹೆಚ್ಚು ಹೊತ್ತು ನೋಡಿದ್ದು ನನ್ನ ಕಾಲನ್ನೇ.

ಟೀಚರು ಬೆಂಚಿನಲ್ಲಿ ಕೂತಿದ್ದರು. ಮಾಸ್ಕ್ ಇನ್ನೂ ಮುಖದಲ್ಲೇ ಇತ್ತು. ಒಂದು ಮುದುಕಿ, ಪಕ್ಕದಲ್ಲಿ ಮರಿ ಎಂದು ಕಂಡದ್ದನ್ನು ಹೇಳಿದೆ.

"ಮರಿಯ ಮುಖ ಯಾವ ಬಣ್ಣ?"

"ನೋಡ್ಲಿಲ್ಲ ಟೀಚರೇ."

"ಮುದುಕಿ ನಿನ್ನನ್ನು ನೋಡಿತಾ?"

"ಗೊತ್ತಾಗ್ಲಿಲ್ಲ."

"ಒಂದು ಗಂಟೆ ಎಂತ ನೋಡಿದ್ದು ಮತ್ತೆ ನೀನು?"

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನನ್ನೇ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಅವರ ಮೊಣಕಾಲು ಕೈಕೊಟ್ಟಿತು. ಈಗ ಗೇಟಿನ ತನಕವೂ ವೀಲ್‌ಚೇರ್ ಬೇಕು. ಆ ಕಾಡಿಗೆ ಅವರು ಇನ್ನು ಹೋಗುವುದಿಲ್ಲ. ಅದಕ್ಕೆ ಸಮಾಧಾನದ ಮಾತು ನನ್ನಲ್ಲಿ ಇಲ್ಲ, ಹುಡುಕುವುದೂ ಇಲ್ಲ.

ಕೆಲಸ ಕಲಿಸಿದ್ದು ಇಷ್ಟು: ರೋಗಿಗೆ ಬಾಯಿ ಇರುವಾಗ ನಾವು ಬಾಯಿ ಹಾಕಬಾರದು. ಮೊನ್ನೆ ಡಾಕ್ಟರು ಎಂದಿನಂತೆ ನನ್ನ ಮುಖ ನೋಡಿ, "ಹೇಗಿದ್ದಾರೆ ಟೀಚರು?" ಎಂದರು. ನಾನು ಸುಮ್ಮನೆ ಟೀಚರ ಕಡೆ ತಿರುಗಿದೆ.

"ಶೀತ ಇಲ್ಲ ಡಾಕ್ಟ್ರೇ, ಬರಕೊಳ್ಳಿ" ಎಂದರು ಟೀಚರು. "ಮೊದಲೂ ಇರ್ಲಿಲ್ಲ."