ಬಾನೆಟ್ ಎತ್ತುವ ಹಕ್ಕು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯ ಎರಡನೆಯ ಅರ್ಧವನ್ನು ಸರಿಪಡಿಸುವುದೇ ಅವನ ಉದ್ಯೋಗ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ; ಇವನು ಮೇಣ ಹಚ್ಚಿ, ಕೆತ್ತಿ, ಕಾಯಿಸಿ, ಎರಡು ಸಾಲು ಹಲ್ಲು ಕೂರಿಸಿ ವಾಪಸು ಕಳಿಸುತ್ತಾನೆ. ಏಳು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಲ್ಯಾಬಿನಲ್ಲಿ ಅವನಿಗೆ ದವಡೆ ಎಂದೇ ಹೆಸರು. ಹೆಸರಿಟ್ಟವರ ಮೇಲೆ ಅವನಿಗೆ ಸಿಟ್ಟಿಲ್ಲ. ಊಟಕ್ಕೆ ಕೂತಾಗ ಅವನ ಬಾಯಿ ಆಡುವ ವೇಗ ನೋಡಿದವರಿಗೆ ಬೇರೆ ಹೆಸರು ಹೊಳೆಯುವುದೂ ಕಷ್ಟವೇ.

ಸಾಸಿವೆ ಕಾಳಿನಷ್ಟು ಮೇಣವನ್ನು ಕೆತ್ತಬಲ್ಲ ಆ ಕೈ, ಹಲ್ಲಿಗಿಂತ ದೊಡ್ಡದನ್ನು ಮುಟ್ಟಿದರೆ ಮುಗಿಯಿತು. ಅವನು ರಿಪೇರಿ ಮಾಡಿದ ಫ್ಯಾನಿಗೆ ಆಮೇಲೆ ದಿನಾ ಕೋಲಿನಲ್ಲಿ ತಿವಿದು ಚಾಲನೆ ಕೊಡಬೇಕಾಯಿತು. ಅಂಥವನಿಗೆ ಮೂವತ್ತರ ಹೊಸ್ತಿಲಲ್ಲಿ ಕಾರಿನ ಆಸೆ ಹುಟ್ಟಿತು. ಅದೂ ಹಳೆಯ ಕಾರು. ತಾನೇ ಬಿಚ್ಚಿ ತಾನೇ ಜೋಡಿಸುವ ಕಾರು. ದಿನವಿಡೀ ಬೇರೆಯವರ ಬಾಯಿಗೆ ದುಡಿಯುವವನಿಗೆ ತನ್ನದೇ ಎನ್ನುವ ಒಂದು ಯಂತ್ರವಿರಲಿ ಎಂಬ ಹಂಬಲ.

ಔಷಧಿ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿದ್ದದ್ದು ಆಗಲೇ. "ಕಾರು ಮಾರಾಟಕ್ಕಿದೆ. ಮಾತೆತ್ತಿದರೆ ಗ್ಯಾರೇಜಿಗೆ ಓಡುವವರು ಬರಬೇಡಿ."

ಚೀಟಿ ಬರೆದವರು ಟೆಲಿಫೋನ್ ಮೇಡಂ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲೈನಿನ ಗೊರಗೊರ ಕೇಳಿಯೇ ತಂತಿ ಎಲ್ಲಿ ತುಂಡಾಗಿದೆ ಎಂದು ಹೇಳುತ್ತಿದ್ದರಂತೆ. ಬಿಸಿಲಿಗೆ ಮಾಸಿದ ಆ ನೀಲಿ ಕಾರನ್ನೂ ಹಾಗೆಯೇ ಕಿವಿಯಿಂದ ಸಾಕಿದವರು. ಈಗ ಕಣ್ಣಿನ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದಿದ್ದರು.

"ಏನು ಕೆಲಸ?" ಮೇಡಂ ಕೇಳಿದರು.

"ಹಲ್ಲು ಮೇಡಂ."

"ಕೀಳ್ತೀಯಾ?"

"ಇಲ್ಲ, ಕಿತ್ತ ಮೇಲೆ ಬೇರೆ ಮಾಡಿಕೊಡ್ತೀನಿ."

ಮೇಡಂ ತಮ್ಮ ಮೇಲಿನ ಸಾಲನ್ನು ನಾಲಿಗೆಯಿಂದ ಒಮ್ಮೆ ಸರಿಮಾಡಿಕೊಂಡರು. ಉತ್ತರ ಅವರಿಗೆ ಹಿಡಿಸಿದಂತಿತ್ತು.

"ನೋಡಪ್ಪಾ, ಹದಿನೆಂಟು ವರ್ಷದಲ್ಲಿ ಇದರ ಬಾನೆಟ್ಟನ್ನ ನನ್ನ ಬಿಟ್ಟು ಇನ್ನೊಬ್ಬರು ಎತ್ತಿಲ್ಲ. ದುಡ್ಡು ಕೊಡು, ಇವತ್ತೇ ಗಾಡಿ ತಗೊಂಡು ಹೋಗು. ಆದ್ರೆ ಹೆಸರು ಬದಲಾಯಿಸೋ ಕಾಗದಕ್ಕೆ ಸೈನ್ ಹಾಕೋದು ಒಂದು ತಿಂಗಳಾದ್ಮೇಲೆ. ನಾನೇ ಬಂದು ನೋಡ್ತೀನಿ. ನಿನ್ನ ಕೈ ಬಿಟ್ಟು ಬೇರೆ ಕೈ ಒಳಗೆ ಹೋಗಿತ್ತೋ, ದುಡ್ಡು ನಿಂಗೆ, ಗಾಡಿ ನಂಗೆ."

ಅವನು ಹಿಂದೆಮುಂದೆ ನೋಡದೆ ಒಪ್ಪಿದ. ಮನೆಯಲ್ಲಿ ಮಾತ್ರ ಈ ಷರತ್ತಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಅಮ್ಮ, "ಕಾರನ್ನ ಕೊಂಡ್ಯೋ, ಸಾಕೋಕೆ ಕರ್ಕೊಂಡು ಬಂದ್ಯೋ?" ಎಂದು ಎರಡು ಬೀದಿಗೆ ಕೇಳುವಂತೆ ಕೇಳುತ್ತಿದ್ದಳು.

ಆ ತಿಂಗಳು ಅವನು ಮಂಚದ ಮೇಲೆ ಮಲಗಿದ್ದಕ್ಕಿಂತ ಕಾರಿನ ಕೆಳಗೆ ಮಲಗಿದ್ದೇ ಹೆಚ್ಚು. ಬ್ಯಾಟರಿಯ ತುದಿಗಳಿಗೆ ಕಟ್ಟಿದ್ದ ಬಿಳಿ ಹುಡಿಯನ್ನು, ಹಲ್ಲಿನ ಕಿಟ್ಟ ತೆಗೆಯುವವನ ತಾಳ್ಮೆಯಿಂದ, ಹಳೆಯ ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ಪ್ಲಗ್ಗು ಬದಲಾಯಿಸಿದ. ವೈಪರನ್ನು ತಿರುಗಾಮುರುಗಾ ಹಾಕಿ, ಅದು ಗಾಜು ಬಿಟ್ಟು ಗಾಳಿ ಒರೆಸುವುದನ್ನು ನೋಡಿ, ಮತ್ತೆ ಬಿಚ್ಚಿ ಹಾಕಿದ. ಎದುರು ಮನೆಯ ಟೈಲರ್ ದಿನಕ್ಕೊಮ್ಮೆ ಬಗ್ಗಿ, "ಇದ್ದೀಯೇನಪ್ಪಾ ಇನ್ನೂ?" ಎಂದು ವಿಚಾರಿಸಿ ಹೋಗುತ್ತಿದ್ದ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಿಂದು ಕೈಯೂ ಗ್ರೀಸು, ಟವೆಲ್ಲೂ ಗ್ರೀಸು," ಎಂದು ಅಮ್ಮ ಗೊಣಗುತ್ತಿದ್ದಳು. ಹಾಗೆಂದು ಸಂಜೆಯ ಸವಾರಿಯನ್ನು ಅವಳು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಹೂಂ ಎಂದರೆ ಅವನ ಎದೆ ಒಂದಿಷ್ಟು ಅಗಲವಾಗುತ್ತಿತ್ತು. ಇದನ್ನು ವಾಪಸು ಕೊಡುವುದೆಂದರೆ ಸಾಲಿನ ನಡುವಿನ ಹಲ್ಲು ಕಿತ್ತು ಕೊಟ್ಟಂತೆ ಎನ್ನಿಸತೊಡಗಿತ್ತು.

ಮೇಡಂ ಬರುವ ಭಾನುವಾರ ಬಂತು. ಬುದ್ಧಿಯಿದ್ದವನಾಗಿದ್ದರೆ ಅವತ್ತು ಕಾರನ್ನು ಒರೆಸಿ ಸುಮ್ಮನಿರುತ್ತಿದ್ದ. ಇವನು ಬೆಳಿಗ್ಗೆ ಏಳಕ್ಕೇ ಎದ್ದು ಇಂಜಿನ್ ಆಯಿಲ್ ಬದಲಾಯಿಸಲು ಹೊರಟ. ಹಳೆಯ ಆಯಿಲ್ ಬಸಿದ. ಡಬ್ಬಿಯಂಥ ಹಳೆಯ ಫಿಲ್ಟರ್ ತಿರುಗಿಸಿ ತೆಗೆದ. ಹೊಸ ಫಿಲ್ಟರಿನ ಬಾಯಿಗಿರುವ ರಬ್ಬರ್ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೂರಿಸಿ, ಬಿಗಿದ. ಹೊಸ ಆಯಿಲ್ ಸುರಿದು, ಕೈ ತೊಳೆದು, ಬಿಳಿ ಅಂಗಿ ತೊಟ್ಟ.

ಹತ್ತಕ್ಕೆ ಸರಿಯಾಗಿ ಆಟೋದಿಂದಿಳಿದ ಮೇಡಂ, ಅಮ್ಮ ಕೊಟ್ಟ ಕುರ್ಚಿ ಬೇಡವೆಂದು ಕಾರಿನ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡರು. "ಸ್ಟಾರ್ಟ್ ಮಾಡು."

ಅವನು ಕೀಲಿ ತಿರುಗಿಸಿದ. ಸದ್ದು ಸೊಗಸಾಗಿತ್ತು. ಮೇಡಂ ತಲೆದೂಗಿದರು. ಅಷ್ಟರಲ್ಲಿ ಅಮ್ಮ, "ಅಯ್ಯೋ, ಇದೇನೋ ಹರೀತಿದೆ!" ಎಂದು ಕೂಗಿದಳು. ಕಾರಿನ ಕೆಳಗಿನಿಂದ ಹೊಸ ಆಯಿಲ್ ಜೇನುತುಪ್ಪದ ಬಣ್ಣದಲ್ಲಿ ಹರಿದು ಮೇಡಮ್ಮಿನ ಚಪ್ಪಲಿಯ ಕಡೆಗೇ ಹೊರಟಿತ್ತು.

"ಆಫ್ ಮಾಡು!" ಮೇಡಂ ಕಣ್ಣು ಬಿಟ್ಟರು. "ಯಾರು ಮಾಡಿದ್ದು ಇದನ್ನ?"

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದಳು. ಮಗನ ಮಾನ ಕಾಯುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ. "ನನ್ನ ಮಗಂದೇನೂ ತಪ್ಪಿಲ್ಲಮ್ಮಾ. ನಿನ್ನೆ ಗ್ಯಾರೇಜಿಗೆ ಬಿಟ್ಟಿದ್ದ. ಆ ಮೆಕ್ಯಾನಿಕ್ಕು ಅದೇನು ಮಾಡಿಟ್ಟಿದ್ದಾನೋ ಏನೋ."

ಮೇಡಮ್ಮಿನ ಮುಖ ಗಂಟಾಯಿತು. ಅವನು ಕಾರಿನಿಂದ ಹೊರಕ್ಕೆ ಹಾರಿದ.

"ಅಮ್ಮಾ! ಯಾವ ಗ್ಯಾರೇಜು? ನಾನೇ ಮಾಡಿದ್ದು ಮೇಡಂ. ಪೂರ್ತಿ ನಾನೇ ಹಾಳು ಮಾಡಿದ್ದು!"

"ಸುಮ್ನಿರೋ," ಅಮ್ಮ ಅವನ ತೋಳು ಚಿವುಟಿದಳು. "ಪಾಪ, ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ಹೀಗಂತಿದ್ದಾನೆ. ಮೊದಲಿಂದ್ಲೂ ಇವನ ಮನಸ್ಸು ಹಾಗೇನೇ."

"ನನ್ನ ಮನಸ್ಸು ಹಾಗಿಲ್ಲಮ್ಮಾ!"

ಕೆಡಿಸಿದ ಕೆಲಸದ ಕೀರ್ತಿಗಾಗಿ ಮನುಷ್ಯನೊಬ್ಬ ಹೀಗೆ ಕೈಮುಗಿದು ಬೇಡಿದ್ದನ್ನು ಆ ಬೀದಿ ಅಲ್ಲಿಯವರೆಗೆ ನೋಡಿರಲಿಲ್ಲ. ಟೈಲರಂತೂ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು ಬಾಗಿಲಿಗೇ ಬಂದ.

"ನೀನೇ ಮಾಡಿದ್ರೆ," ಮೇಡಂ ಹೇಳಿದರು, "ಏನು ತಪ್ಪಾಗಿದೆ ಅಂತ ನೀನೇ ಹೇಳು."

ಅವನು ಬಿಳಿ ಅಂಗಿಯಲ್ಲೇ ಕಾರಿನ ಕೆಳಗೆ ತೂರಿದ. ಫಿಲ್ಟರ್ ತಿರುಗಿಸಿ ತೆಗೆದ. ಅದರ ರಿಂಗು ಸರಿಯಾಗಿಯೇ ಇತ್ತು. ಅದು ಕೂರುವ ಜಾಗ ಕಣ್ಣಿಗೆ ಬೀಳದು, ತಲೆ ಅಷ್ಟು ಒಳಗೆ ಹೋಗದು. ಆಗ ಲ್ಯಾಬಿನಿಂದ ತಂದಿದ್ದ, ಬಾಯೊಳಗೆ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಅಮ್ಮನಿಂದ ತರಿಸಿಕೊಂಡು ಮೇಲಕ್ಕೆ ತೂರಿಸಿದ. ಹಳೆಯ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೆ ಕಚ್ಚಿಕೊಂಡು ಅಲ್ಲೇ ಕೂತಿತ್ತು. ಹೊಸದನ್ನು ಅವನು ಅದರ ಮೇಲೆಯೇ ಬಿಗಿದಿದ್ದ. ಎರಡು ರಿಂಗು ಜಾರಾಡುವಲ್ಲಿ ಆಯಿಲ್ ನಿಲ್ಲುವುದುಂಟೇ?

"ಮೇಡಂ, ಹಳೇ ಹಲ್ಲು ಕೀಳದೆ ಹೊಸ ಸೆಟ್ ಕೂರಿಸಿಬಿಟ್ಟಿದ್ದೀನಿ!" ಕೆಳಗಿನಿಂದಲೇ ಕೂಗಿದ. ರಿಂಗನ್ನು ಉಗುರಿನಿಂದ ಎಬ್ಬಿಸಿ ತೆಗೆದು ಕೈ ಚಾಚಿದ.

ಮೇಡಂ ಅದನ್ನು ಬಳೆಯಂತೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು. "ನೀವು ಸುಳ್ಳು ಹೇಳಿದ್ರಿ ಬಿಡಿ. ಗ್ಯಾರೇಜಿನವನು ದಿನಕ್ಕೆ ಹತ್ತು ಫಿಲ್ಟರ್ ಬದಲಾಯಿಸ್ತಾನೆ, ಹಳೇ ರಿಂಗು ಬಂತಾ ಇಲ್ವಾ ಅಂತ ಅವನ ಬೆರಳೇ ನೋಡ್ಕೊಳ್ಳುತ್ತೆ. ಇಷ್ಟು ಶ್ರದ್ಧೆಯಿಂದ ಇಷ್ಟು ದೊಡ್ಡ ತಪ್ಪು ಮಾಡೋಕೆ ಓನರ್ ಒಬ್ಬನಿಗೇ ಆಗೋದು."

ಷರತ್ತಿನ ಕಥೆ ಆಗ ಅಮ್ಮನಿಗೂ ತಿಳಿಯಿತು. ಅವಳು ಸೊಂಟಕ್ಕೆ ಕೈಯಿಟ್ಟು ಮಗನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಕಾರಿನ ಕೆಳಗೆ ಹೋಗಿ ಫಿಲ್ಟರ್ ಕೂರಿಸತೊಡಗಿದ.

ಚೆಲ್ಲಿದಷ್ಟು ಆಯಿಲ್ ತುಂಬಿಸಿ ನೋಡಿದರೆ ಒಂದು ಹನಿಯೂ ಸೋರಲಿಲ್ಲ. ಆದರೆ ಮೇಡಂ ಓದುವ ಕನ್ನಡಕ ಮರೆತು ಬಂದಿದ್ದರು. "ಮನೆಗೆ ಬಿಡು. ಸೈನ್ ಅಲ್ಲೇ."

ದಾರಿಯುದ್ದಕ್ಕೂ "ಗೇರ್... ಗೇರ್... ಅದಕ್ಕೇನು ಕಿವಿ ಹಿಂಡ್ತಿದ್ದೀಯಾ?" ಎಂದು ಪಾಠ ನಡೆಯಿತು. ನಡುವೆ ಮೇಡಂ ಕಿಟಕಿಯ ಗಾಜು ಇಳಿಸಲು ಹಿಡಿ ತಿರುಗಿಸಿದರು. ಎರಡೂ ಕೈ ಹಾಕಿದರು. ಅದು ಅಲುಗಲಿಲ್ಲ.

"ಆ ಕಡೇದು ಬಿಗಿ ಮೇಡಂ," ಅವನೆಂದ. "ಅಮ್ಮ ದಿನಾ ಬೈತಾಳೆ. ಬಾಗಿಲು ಬಿಚ್ಚಿ ಗ್ರೀಸ್ ಹಾಕ್ಬೇಕು."

"ಇದು ಯಾವಾಗಿಂದ?"

"ನೀವು ಕೊಟ್ಟಾಗಿಂದ."

ಮೇಡಂ ಹಿಡಿಯಿಂದ ಕೈ ತೆಗೆದರು. ತಮ್ಮ ಕಾರಿನ ಈ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಹದಿನೆಂಟು ವರ್ಷ ಅಲ್ಲಿ ಕೂತವಳು ಅವರ ಅಕ್ಕ. ಮನೆ ತಲುಪಿದಾಗ ಆ ಅಕ್ಕ ಗೇಟಿನಲ್ಲೇ ನಿಂತಿದ್ದಳು. ಇಳಿಯುತ್ತಲೇ ಮೇಡಂ ಕೇಳಿದರು, "ಅಕ್ಕಾ, ಈ ಗ್ಲಾಸು ಇಳಿಯಲ್ಲ ಅಂತ ಒಂದು ದಿನಾನಾದ್ರೂ ಹೇಳಿದ್ಯೇನೇ?"

"ಹೇಳೋದಾ?" ಅಕ್ಕ ಹೌಹಾರಿದಳು. "ಹೇಳಿದ್ರೆ ನೀನು ರಿಪೇರಿಗೆ ಅಂತ ಬಾಗಿಲನ್ನೇ ಬಿಚ್ಚಿಡ್ತಿದ್ದೆ. ಸೆಖೆ ತಡ್ಕೋಬಹುದು ಕಣೇ, ಬಾಗಿಲಿಲ್ಲದ ಕಾರಲ್ಲಿ ಹ್ಯಾಗೆ ಕೂರೋದು? ಮೊದಲು ಆ ಹುಡುಗನ ಕಾಗದಕ್ಕೆ ಸೈನ್ ಹಾಕು, ತಿಂಗಳಿಂದ ಗೋಳು ಹುಯ್ಕೊಂಡಿದ್ದೀಯ."

ಮೇಡಂ ಕನ್ನಡಕ ತರಿಸಿ, ಬಾನೆಟ್ಟಿನ ಮೇಲೆ ಕಾಗದ ಹರಡಿ ಸೈನ್ ಹಾಕಿದರು. ಕಾಗದ ಮಡಚಿ ಅವನ ಕೈಗಿಡುತ್ತಾ ಮಾತ್ರ ಅಕ್ಕನಿಗೆ ಕೇಳದಂತೆ ದನಿ ತಗ್ಗಿಸಿದರು.

"ಆ ಬಾಗಿಲು ಬಿಚ್ಚೋ ದಿನ ಫೋನ್ ಮಾಡು. ಒಬ್ಬನೇ ಕೈ ಹಾಕಿದ್ರೆ ಕ್ಲಿಪ್ಪು ಮುರೀತೀಯ."