ಹಾಲಮ್ಮನ ಬಲಮಗ್ಗುಲು

ಆರು ವರ್ಷದವನಿದ್ದಾಗ ವೀರೇಶನ ಲೆಕ್ಕದಲ್ಲಿ ಹೆಂಗಸರ ಹೊಟ್ಟೆಯೊಳಗೆ ಇದ್ದದ್ದು ಒಂದೇ ಚೀಲ. ಉಂಡ ಅನ್ನವೂ ಅದರಲ್ಲೇ, ಹುಟ್ಟಬೇಕಾದ ಕೂಸೂ ಅದರಲ್ಲೇ. ಬಸುರಿಯಾಗಿ ತವರಿಗೆ ಬಂದಿದ್ದ ಸೋದರತ್ತೆ ಹಾಲಮ್ಮ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಡಿಯುತ್ತಿದ್ದಾಗ ಅವನು ಓಡಿಹೋಗಿ ಅವಳ ಕೈ ಹಿಡಿದುಕೊಂಡಿದ್ದ. ಖಾರ ಕೂಸಿನ ಕಣ್ಣಿಗೆ ಬೀಳುತ್ತದೆ ಎಂಬುದು ಅವನ ತಕರಾರು. ನೀರನ್ನಾದರೂ ನಿಧಾನ ಕುಡಿ, ಕೂಸು ಮುಳುಗೀತು ಎಂದೂ ಸೇರಿಸಿದ್ದನಂತೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಹಾಲಮ್ಮ ನಗದೆ, ಉಳಿದ ಬಜ್ಜಿಯನ್ನು ಅವನ ಕೈಗೇ ಕೊಟ್ಟಳು.

ಮುಂದೆ ಇಂಥ ಮಹಾಜ್ಞಾನಿಗೆ ಕೆಲಸ ಸಿಕ್ಕಿದ್ದು ಶಿಕಾರಿಪುರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ಅದೂ ಹೆಂಗಸರ ಕಾಯಿಲೆ ನೋಡುವ ಕಡೆ. ಆಪರೇಷನ್ನಿನಲ್ಲಿ ತೆಗೆದದ್ದನ್ನು ಟ್ರೇಯಲ್ಲಿಟ್ಟು ಬಾಗಿಲಾಚೆ ಕಾದಿರುವ ಮನೆಯವರಿಗೆ ತೋರಿಸಬೇಕು. ತೋರಿಸದಿದ್ದರೆ ಒಳಗೆ ಏನನ್ನೂ ತೆಗೆದೇ ಇಲ್ಲ ಎಂದು ಜಗಳವಾಗುತ್ತದೆ. ಆಮೇಲೆ ಅದನ್ನು ಕೊಳೆಯದಂತೆ ಕಾಯುವ ಫಾರ್ಮಲಿನ್ ಡಬ್ಬಿಗೆ ಹಾಕಿಕೊಂಡು ಶಿವಮೊಗ್ಗದ ಲ್ಯಾಬಿಗೆ ಬಸ್ಸು ಹತ್ತಬೇಕು. ಗರ್ಭಕೋಶ ತಲೆಕೆಳಗಾದ ಸೀಬೆಹಣ್ಣಿನ ಹಾಗೆ, ಎರಡೂ ಪಕ್ಕ ಚಾಚಿದ ನಾಳ, ನಾಳದ ತುದಿಯ ಬಳಿ ಬಾದಾಮಿಯಂಥ ಅಂಡಾಶಯ ಎಂದು ಅವನು ಡಾಕ್ಟರ ಗತ್ತಿನಲ್ಲೇ ವಿವರಿಸುತ್ತಿದ್ದ. ಹೆಣ್ಣು ನೋಡಲು ಹೋದಲ್ಲಿ ಮಾತ್ರ 'ಆಸ್ಪತ್ರೆಯಲ್ಲಿದ್ದೀನಿ' ಎಂದು ಹೇಳಿ ಚಹಾದ ಲೋಟಕ್ಕೆ ಮುಖ ಇಳಿಸುತ್ತಿದ್ದ.

ಹಾಲಮ್ಮನನ್ನು ಕೊಟ್ಟದ್ದು ಸೊರಬ ತಾಲೂಕಿನ ಉಳವಿ ಕಡೆಗೆ. ಗಂಡ ಲೋಕಪ್ಪ, ಒಂದಿಷ್ಟು ಗದ್ದೆ, ಒಂದು ಹಟ್ಟಿ ಕುರಿ. ಹುಟ್ಟಿದ ಮಗಳಿಗೆ ರೋಜಾ ಎಂದು ಹೆಸರಿಟ್ಟರು, ಮನೆದೇವರಿಗೆ ಅವಳ ಜವಳ ಕೊಡುವುದಾಗಿ ಲೋಕಪ್ಪ ಹರಕೆ ಹೊತ್ತ. ಮೊದಲ ಕೂದಲು ದೇವರಿಗೆ ಸಲ್ಲುವವರೆಗೆ ಮಗುವಿನ ತಲೆಗೆ ಕತ್ತರಿ ತಾಕಬಾರದು. ಕತ್ತರಿ ತಾಕುವ ಕಾಲ ಬರಲಿಲ್ಲ. ಜ್ವರ ಬಂದು ಕೂಸು ಹೋಯಿತು, ತಲೆತುಂಬ ಕೂದಲಿನ ಸಮೇತ ಅದನ್ನು ಮಣ್ಣು ಮಾಡಿದರು. ಮತ್ತೆ ಮಕ್ಕಳಾಗಲಿಲ್ಲ. ಹಾಲಮ್ಮ ಅದರ ಬಗ್ಗೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಕುರಿ ಈಯುವಾಗ ಅಡ್ಡ ತಿರುಗಿದ ಮರಿಯನ್ನು ಒಳಗೆ ಕೈಹಾಕಿ ನೆಟ್ಟಗೆ ಮಾಡುತ್ತಿದ್ದಳು, ಬಿಡುವಾದರೆ ಉಣ್ಣೆ ನೂಲುತ್ತಿದ್ದಳು.

ನಲವತ್ತು ದಾಟಿದ ಮೇಲೆ ಅವಳ ಹೊಟ್ಟೆ ಬಲಗಡೆಗೆ ಉಬ್ಬತೊಡಗಿತು. ಈ ವಯಸ್ಸಿನಲ್ಲಿ ಬಸುರು ಎಂದು ಕೇರಿಯವರು ಬಾಯಿಗೆ ಸೆರಗು ಹಿಡಿದರು. ತಿಂಗಳ ಮುಟ್ಟು ತಪ್ಪದಿರುವುದು ಗೊತ್ತಾದಾಗ, ನೂಲುವಾಗ ಬಾಯಿಗೆ ಹೋದ ಉಣ್ಣೆ ಒಳಗೆ ಉಂಡೆಗಟ್ಟಿದೆ ಎಂದರು. ಆಸ್ಪತ್ರೆಗೆ ಬಾ ಎಂದು ವೀರೇಶ ಫೋನಿನಲ್ಲಿ ಹೇಳಿ ಹೇಳಿ ಸೋತ. ಒಮ್ಮೆ ಮಾತ್ರ ಅವಳು ತಾನಾಗಿ ಹೇಳಿದಳು, ದನಿ ತಗ್ಗಿಸಿ:

"ನಾ ಮಗ್ಗುಲಾದ್ರೆ ಒಳಗೆ ಅದೂ ಮಗ್ಗುಲಾಗ್ತೈತಪ್ಪ. ನನಗಿಂತ ಒಂಚೂರು ತಡವಾಗಿ."

ಫೋನು ಇಟ್ಟ ಮೇಲೆ ವೀರೇಶ ಅಂಗಿಯ ಗುಂಡಿ ಸರಿಮಾಡಿಕೊಂಡ. ಗುಂಡಿ ಸರಿಯಾಗೇ ಇತ್ತು.

ಈ ಮಳೆಗಾಲ ಮುಗಿದ ಹೊತ್ತಿಗೆ ಹಟ್ಟಿಯಲ್ಲಿ ಕುರಿಹಿಕ್ಕೆ ಬಾಚುತ್ತಿದ್ದವಳು ಬಲಮಗ್ಗುಲು ಹಿಡಿದುಕೊಂಡು ಕುಸಿದಳು. ವಾಂತಿ ನಿಲ್ಲಲಿಲ್ಲ. ಸೊರಬದಲ್ಲಿ ಸ್ಕ್ಯಾನ್ ಮಾಡಿಸಿ, ಸೋದರಳಿಯ ಇದ್ದಾನೆಂಬ ಧೈರ್ಯಕ್ಕೆ ಶಿಕಾರಿಪುರಕ್ಕೇ ಕರೆತಂದರು. ಡಾಕ್ಟರ್ ಮೈತ್ರಿ ಹೊಟ್ಟೆ ಮುಟ್ಟಿ ನೋಡಿದವರೇ ಥಿಯೇಟರ್ ಸಿದ್ಧಮಾಡಿಸಿದರು. ಬಲ ಅಂಡಾಶಯದಲ್ಲಿ ಗಡ್ಡೆ ಬೆಳೆದು, ಅದರ ಭಾರಕ್ಕೆ ಬುಡ ತಿರುಚಿಕೊಂಡು ರಕ್ತ ಓಡಾಡುವುದು ನಿಂತಿತ್ತು.

ಗಡ್ಡೆ ಬಿಡಿಸಿದಾಗ ಒಳಗೆ ಗಟ್ಟಿ ತುಪ್ಪದಂಥ ಹಳದಿ ಕೊಬ್ಬು. ಅದರ ನಡುವೆ ಸಿಂಬಿ ಸುತ್ತಿದಂತೆ ಕೂದಲು, ಪಕ್ಕದಲ್ಲಿ ಒಂದು ಹಲ್ಲು. ಅತ್ತೆಯ ತಲೆ ಅರ್ಧ ನರೆತಿತ್ತು. ಈ ಕೂದಲಿನಲ್ಲಿ ನರೆ ಇರಲಿಲ್ಲ. ಡರ್ಮಾಯ್ಡ್ ಎಂಬ ಗಡ್ಡೆ ಇದು, ಅಂಡಾಣು ಆಗುವ ಕಣಕ್ಕೆ ಕೂದಲು, ಚರ್ಮ, ಹಲ್ಲು ಯಾವುದನ್ನಾದರೂ ಬೆಳೆಸುವ ಶಕ್ತಿ ಇರುತ್ತದೆ, ಗಂಡಿನ ಸಂಗವಿಲ್ಲದೆ ತಾನೇ ಶುರುಮಾಡಿಬಿಡುತ್ತದೆ, ಇದು ಬಸುರೂ ಅಲ್ಲ, ಕೂಸೂ ಅಲ್ಲ ಎಂದು ಮೈತ್ರಿ ಮೇಡಂ ಕೈ ತೊಳೆಯುತ್ತ ಹೇಳಿದರು. ವೀರೇಶ ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದ. ಟ್ರೇ ಎತ್ತಿಕೊಂಡು ಬಾಗಿಲಾಚೆ ಬಂದ.

ಟ್ರೇ ಕಂಡವರು ಸಾಮಾನ್ಯವಾಗಿ ಮುಖ ತಿರುಗಿಸುತ್ತಾರೆ. ಲೋಕಪ್ಪ ಬಗ್ಗಿ ಬಗ್ಗಿ ನೋಡಿದ. ಬೆರಳ ತುದಿಯಿಂದ ಕೂದಲನ್ನು ಸವರಿದ, ನಿದ್ದೆ ಹೋದ ಮಗುವಿನ ತಲೆ ಸವರುವ ಹಾಗೆ.

"ಇದು ರೋಜಾನ ಕೂದ್ಲು ಕಣೋ. ಜವಳ ಕೊಡ್ಲಿಲ್ಲ ಅಂತ ಅಲ್ಲೇ ಕಾಯ್ತಾ ಕುಂತೈತೆ."

ಶಿವಮೊಗ್ಗಕ್ಕೆ ಕೊಡಬೇಡ, ದೇವರ ಮುಂದಿಟ್ಟು ಹರಕೆ ಮುಗಿಸಿ ಮಣ್ಣು ಮಾಡುತ್ತೇನೆ ಎಂದು ಅವನು ಹಟ ಹಿಡಿದ. ಇಂಥ ಗಡ್ಡೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ, ಲ್ಯಾಬಿನಲ್ಲಿ ತೆಳ್ಳಗೆ ಕೊಯ್ದು ನೋಡದೆ ಹೇಳುವಂತಿಲ್ಲ, ಇದ್ದರೆ ಚಿಕಿತ್ಸೆ ತಡವಾಗಬಾರದು ಎಂದು ಮೇಡಂ ಬಿಡಿಸಿ ಹೇಳಿದರೂ ಅವನು ಬಗ್ಗಲಿಲ್ಲ. ಕೊನೆಗೆ ಮೇಡಂ ಡಬ್ಬಿಗೆ ಫಾರ್ಮಲಿನ್ ತುಂಬಿಸಿ, ಮುಚ್ಚಳಕ್ಕೆ ಟೇಪು ಸುತ್ತಿಸಿ, ನಾಳೆ ಬೆಳಗಿನವರೆಗೆ ವಾರ್ಡಿನಲ್ಲೇ ಇರಲಿ ಎಂದರು. "ಹಾಲಮ್ಮನೋರಿಗೆ ಪೂರ್ತಿ ಎಚ್ಚರ ಆಗ್ಲಿ. ಅವ್ರ ಮೈಯಿಂದ ಬಂದಿದ್ದು, ಅವ್ರೇ ಹೇಳ್ಲಿ."

ಸಂಜೆಯ ಹೊತ್ತಿಗೆ ಡಬ್ಬಿಯ ಮುಚ್ಚಳಕ್ಕೆ ಅರಿಸಿನ ಕುಂಕುಮ ಬಿದ್ದಿತ್ತು. ಯಾವುದೋ ಬಾಣಂತಿಯ ತಾಯಿ ಒಂದು ಸೇವಂತಿಗೆಯನ್ನೂ ಇಟ್ಟಿದ್ದಳು. ಬಂದವರು ಚಪ್ಪಲಿ ಬಿಟ್ಟು ಬರುತ್ತಿದ್ದರು, ಮಾತು ಪಿಸುಗುಟ್ಟುವಷ್ಟಕ್ಕೆ ಇಳಿಯುತ್ತಿತ್ತು. ಇದನ್ನೆಲ್ಲ ಒರೆಸಿಹಾಕಬೇಕೆಂದೇ ವೀರೇಶ ವಿಜ್ಞಾನದ ಪರವಾಗಿ ಒದ್ದೆ ಬಟ್ಟೆ ಹಿಡಿದು ಬಂದ. ಡಬ್ಬಿ ಎತ್ತಿದಾಗ ದ್ರವದಲ್ಲಿ ಕೂದಲು ಮೆಲ್ಲಗೆ ಬಿಚ್ಚಿಕೊಂಡಿತು. ಅವನು ತಿರುಗಿದ. ಒಳಗಿದ್ದದ್ದೂ ತಿರುಗಿತು, ಅವನಿಗಿಂತ ಒಂಚೂರು ತಡವಾಗಿ. ಹಲ್ಲು ಪ್ಲಾಸ್ಟಿಕ್ಕಿಗೆ ತಗುಲಿ ಟಕ್ ಎಂದಿತು. ಅವನು ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಬಿದ್ದ ಹೂವನ್ನೂ ಎತ್ತಿ ಮುಚ್ಚಳದ ಟೇಪಿಗೆ ಸಿಕ್ಕಿಸಿ, ಒದ್ದೆ ಬಟ್ಟೆಯಿಂದ ಕಿಟಕಿಯ ಸರಳು ಒರೆಸಿದ.

ಬೆಳಗ್ಗೆ ಹಾಲಮ್ಮ ದಿಂಬಿಗೆ ಒರಗಿ ಕೂತಿದ್ದಳು. ಲೋಕಪ್ಪ ಎರಡೂ ಕೈಯಲ್ಲಿ ಡಬ್ಬಿ ತಂದು ಅವಳ ಮಡಿಲಲ್ಲಿಟ್ಟ, ಹೇಳಬೇಕಾದ್ದನ್ನೆಲ್ಲ ಹೇಳಿ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ಹಾಲಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಸಂತೆಯಲ್ಲಿ ವಯಸ್ಸು ತಿಳಿಯಲು ಕುರಿಯ ತುಟಿ ಎತ್ತಿ ನೋಡುವವರಂತೆ ಓರೆಮಾಡಿ, ಇನ್ನೊಮ್ಮೆ ಓರೆಮಾಡಿ, ಬಹಳ ಹೊತ್ತು ನೋಡಿದಳು.

ಶಿವಮೊಗ್ಗದ ಬಸ್ಸಿಗೆ ಹೊತ್ತಾಗಿತ್ತು. ಕೇಳಬಾರದೆಂದು ಗೊತ್ತಿದ್ದೂ ವೀರೇಶ ಕೇಳಿಬಿಟ್ಟ.

"ಅತ್ತೆ, ನಿಂಗೂ ಅದು ರೋಜಾನೇ ಅನ್ನಿಸ್ತೈತಾ?"

ಹಾಲಮ್ಮ ಹೂವನ್ನು ಕಿತ್ತು ಪಕ್ಕಕ್ಕಿಟ್ಟು ಡಬ್ಬಿಯನ್ನು ಅವನ ಕಡೆ ಚಾಚಿದಳು.

"ನನ್ನ ಕೂಸಿಗೆ ಹಲ್ಲೇ ಬಂದಿರ್ಲಿಲ್ಲ ಕಣೋ. ಮೊಲೆ ಕೊಟ್ಟೋಳು ನಾನು, ನಂಗೆ ಗೊತ್ತಿಲ್ವಾ? ತಗಂಡೋಗಿ ಕೊಯ್ಸು."